ತೂತು ಇದ್ದರೇ ಉಳಿಯುವ ಪ್ಯಾರಾಚೂಟ್

ಅಣ್ಣಿಗೇರಿಯಿಂದ ಹುಬ್ಬಳ್ಳಿ ಕಡೆ ಹತ್ತಿ ಹೇರಿಕೊಂಡು ಹೋಗುವ ಲಾರಿ ನೋಡಿರುತ್ತೀರಿ. ತಾಡಪತ್ರಿಯ ಒಂದು ಮೂಲೆ ಬಿಚ್ಚಿಕೊಂಡರೆ ಸಾಕು, ಪಟಪಟ ಬಡಿದುಕೊಂಡು ಊರು ಮುಟ್ಟುವಷ್ಟರಲ್ಲಿ ಅಂಚು ಚಿಂದಿ. ಲಾರಿ ಓಡಿದ್ದು ಗಂಟೆಗೆ 60 ಕಿ.ಮೀ. ಅಷ್ಟೇ. ವೇಗ ಎರಡು ಪಟ್ಟಾದರೆ ಗಾಳಿಯ ಒತ್ತಡ ನಾಲ್ಕು ಪಟ್ಟಾಗುತ್ತದೆ.

ಈಗ ಚಳ್ಳಕೆರೆಗೆ ಬರೋಣ. 2024ರ ಜೂನ್ 23ರ ಬೆಳಿಗ್ಗೆ ಅಲ್ಲಿನ ಪರೀಕ್ಷಾ ರನ್‌ವೇ ಮೇಲೆ ಇಸ್ರೋದ ‘ಪುಷ್ಪಕ್’ ಇಳಿಯಿತು. ಒಳಗೆ ಪೈಲಟ್ ಇಲ್ಲ. ಚಿನೂಕ್ ಹೆಲಿಕಾಪ್ಟರ್ ಅದನ್ನು ನಾಲ್ಕೂವರೆ ಕಿ.ಮೀ. ಎತ್ತರದಲ್ಲಿ ಬಿಟ್ಟಿತ್ತು. ನೆಲ ಮುಟ್ಟಿದಾಗ ವೇಗ 320 ಕಿ.ಮೀ.ಗಿಂತ ಹೆಚ್ಚು. ಹಿಂದಿನಿಂದ ಪ್ಯಾರಾಚೂಟ್ ಬಿಚ್ಚಿಕೊಂಡು ಅದನ್ನು 100ರ ಆಸುಪಾಸಿಗೆ ತಂದಿತು, ಗಾಲಿಯ ಬ್ರೇಕ್ ಹಿಡಿದದ್ದು ಆಮೇಲೆ. ಲೆಕ್ಕ ಹಾಕಿ ನೋಡ್ರಿ: ಲಾರಿಯ ತಾಡಪತ್ರಿ ಎದುರಿಸಿದ್ದಕ್ಕಿಂತ ಸುಮಾರು 28 ಪಟ್ಟು ಒತ್ತಡ. ಬಟ್ಟೆ ಹರಿಯಲಿಲ್ಲ.

ಈ ವಿದ್ಯೆ ಬಂದದ್ದು ನಿಧಾನಕ್ಕೆ. 1797ರ ಅಕ್ಟೋಬರ್ 22ರಂದು ಪ್ಯಾರಿಸ್ಸಿನಲ್ಲಿ ಗಾರ್ನೆರಿನ್ ಎಂಬಾತ ಬಲೂನಿನಿಂದ ಬುಟ್ಟಿಯೊಳಗೆ ಕೂತು ಪ್ಯಾರಾಚೂಟ್‌ನಲ್ಲಿ ಇಳಿದ. ಅದರಲ್ಲಿ ತೂತು ಇರಲಿಲ್ಲ. ಒಳಗೆ ತುಂಬಿದ ಗಾಳಿ ಒಮ್ಮೆ ಈ ಅಂಚಿನಿಂದ, ಒಮ್ಮೆ ಆ ಅಂಚಿನಿಂದ ನುಗ್ಗಿ ಹೊರಬಿದ್ದು, ಬುಟ್ಟಿ ತೊಟ್ಟಿಲಿನ ಹಾಗೆ ತೂಗಾಡಿತು. ಜೀವ ಉಳಿಯಿತು. ಮುಂದೆ ನೆತ್ತಿಯಲ್ಲೊಂದು ತೂತು ಬಿಟ್ಟರು; ಗಾಳಿಗೆ ದಾರಿ ಸಿಕ್ಕಿತು, ತೂಗಾಟ ಕಡಿಮೆಯಾಯಿತು.

ವಿಮಾನಗಳ ವೇಗ ಏರಿದ ಮೇಲೆ ಒಂದು ತೂತು ಸಾಲಲಿಲ್ಲ. 1930ರ ದಶಕದ ಕೊನೆಗೆ ಜರ್ಮನಿಯಲ್ಲಿ ಮಾಡೆಲುಂಗ್, ಕ್ನಾಕೆ ಎಂಬುವರು ಇಡೀ ಬಟ್ಟೆಯನ್ನೇ ಬಿಟ್ಟು, ಪಟ್ಟಿ ಪಟ್ಟಿ ಜೋಡಿಸಿ ಪ್ಯಾರಾಚೂಟ್ ಮಾಡಿದರು. ನಮ್ಮ ನವಾರದ ಹೊರಸು ನೆನಪಿಸಿಕೊಳ್ಳಿ, ಪಟ್ಟಿಗಳ ನಡುವೆ ಸಂದು ಬಿಟ್ಟ ಹೊರಸು. ಗಾಳಿ ಸ್ವಲ್ಪ ಸೋರುತ್ತದೆ, ಉಳಿದದ್ದು ತಡೆಯುತ್ತದೆ. ಯುದ್ಧ ಮುಗಿದ ಮೇಲೆ ಕ್ನಾಕೆ ಅಮೆರಿಕಕ್ಕೆ ಹೋದ. ಅಪೊಲೊ ನೌಕೆಗಳ ಮೊದಲ ಪ್ಯಾರಾಚೂಟ್‌ಗಳೂ ಪಟ್ಟಿಯವೇ.

ಬಟ್ಟೆ ಗಟ್ಟಿಯಿದ್ದರೂ ಸರಿಯಾದ ಹೊತ್ತಿಗೆ ಬಿಚ್ಚದಿದ್ದರೆ ಏನೂ ಉಪಯೋಗವಿಲ್ಲ. 1967ರ ಏಪ್ರಿಲ್ 24ರಂದು ಸೋಯುಜ್-1ರಲ್ಲಿ ಮರಳುತ್ತಿದ್ದ ರಷ್ಯಾದ ಕೊಮರೊವ್ ಸತ್ತದ್ದು ಹೀಗೇ. ಸಣ್ಣದು ಬಿಚ್ಚಿತು, ದೊಡ್ಡದನ್ನು ಎಳೆದು ತೆಗೆಯಲಿಲ್ಲ, ಹೆಚ್ಚುವರಿ ಇಟ್ಟದ್ದು ಸಣ್ಣದಕ್ಕೇ ಸುತ್ತಿಕೊಂಡಿತು.

ಗಗನಯಾನದಲ್ಲಿ ನಮ್ಮವರು ಕೂರುವ ನೌಕೆಗೆ ಅದಕ್ಕೇ 10 ಪ್ಯಾರಾಚೂಟ್. ಎರಡು ಮುಚ್ಚಳ ಕೀಳಲಿಕ್ಕೆ. ಆಮೇಲೆ 5.8 ಮೀಟರ್ ಅಗಲದ ಎರಡು ಪಟ್ಟಿ ಪ್ಯಾರಾಚೂಟ್. ಚೀಲದ ಬಾಯಿಗೆ ಸುತಳಿ ಬಿಗಿದಂತೆ ಇವು ಮೊದಲು ಅರೆಬಾಯಿ ತೆರೆದಿರುತ್ತವೆ, ಆ ಹಗ್ಗ ಕಡಿದ ಮೇಲೆ ಪೂರ್ತಿ ಅರಳುತ್ತವೆ. ಒಮ್ಮೆಲೇ ಅರಳಿದರೆ ಜಗ್ಗುವ ಹೊಡೆತ ತಡೆಯುವುದು ಕಷ್ಟ. ಇವುಗಳನ್ನು ಮಾಡಿದ್ದು ಆಗ್ರಾದ ಡಿಆರ್‌ಡಿಒ ಪ್ರಯೋಗಾಲಯ. 2023ರ ಆಗಸ್ಟ್‌ನಲ್ಲಿ ಚಂಡೀಗಢದಲ್ಲಿ ಹಳಿಯ ಮೇಲೆ ರಾಕೆಟ್ ಬಂಡಿ ಓಡಿಸಿ ಪರೀಕ್ಷಿಸಿದರು. ಕೊನೆಗೆ ಮೂರು ಸಣ್ಣವು, 25 ಮೀಟರ್ ಅಗಲದ ಮೂರು ದೊಡ್ಡವನ್ನು ಎಳೆದು ತೆಗೆಯುತ್ತವೆ. ಸಮುದ್ರಕ್ಕೆ ಸುರಕ್ಷಿತವಾಗಿ ಇಳಿಯಲು ದೊಡ್ಡವು ಎರಡೇ ಸಾಕು. ಮೂರನೆಯದು, ಒಂದು ಕೈಕೊಟ್ಟರೆ ಇರಲಿ ಎಂದು.