ಟೈರಿನೊಳಗಿನ ಗಾಳಿ ಮತ್ತು ಅಮ್ಮನ ಸೊಂಟನೋವು

ಕಳೆದ ದೀಪಾವಳಿಗೆ ಊರಿಗೆ ಹೊರಟಾಗ ನಡೆದದ್ದು. ಅಣ್ಣ ಆಗಷ್ಟೇ ಒಂದು ಸೆಕೆಂಡ್ ಹ್ಯಾಂಡ್ ಪರ್ಫಾರ್ಮೆನ್ಸ್ ಸೆಡಾನ್ ತಗೊಂಡಿದ್ದ. ಹಿಂದಿನ ಮಾಲೀಕ ಅದರ 16 ಇಂಚಿನ ಚಕ್ರಗಳನ್ನು ತೆಗೆದು 18 ಇಂಚಿನ ಅಲಾಯ್ ಹಾಕಿಸಿದ್ದ. ನೋಡೋಕೆ ಸಕತ್ತಾಗಿತ್ತು. ಹಿಂದಿನ ಸೀಟಲ್ಲಿ ಅಮ್ಮ. ಅಮ್ಮನಿಗೆ ಮೂರು ವರ್ಷದಿಂದ ಸೊಂಟದ ಡಿಸ್ಕ್ ತೊಂದರೆ. ತುಮಕೂರು ದಾಟೋವರೆಗೂ ಸುಮ್ಮನಿದ್ದಳು. ಅರಸೀಕೆರೆ ಹತ್ತಿರ ಬಂದಾಗ ಮೆಲ್ಲಗೆ ಹೇಳಿದಳು, "ವಾಪಸ್ ಬರೋವಾಗ ನನ್ನನ್ನ ರೈಲು ಹತ್ತಿಸ್ಬಿಡ್ರಪ್ಪ."

ಅಣ್ಣನ ಮುಖ ನೋಡೋ ಹಾಗಿರಲಿಲ್ಲ. ವರ್ಷಗಟ್ಟಲೆ ದುಡ್ಡು ಕೂಡಿಟ್ಟು ತಗೊಂಡ ಕಾರು ಅದು.

ಊರು ತಲುಪಿದ ಮೇಲೆ ನನ್ನನ್ನ ಪಕ್ಕಕ್ಕೆ ಕರೆದು, "ನೀನು ಇಂಜಿನಿಯರ್ ಅಲ್ವೇನೋ, ಯಾವ ಟೈರ್ ಹಾಕಿಸ್ಬೇಕು ಹೇಳು" ಅಂದ. ನಾನು ಓದಿದ್ದು ಕಂಪ್ಯೂಟರ್ ಸೈನ್ಸ್. ಆದ್ರೆ ಮನೆಯವರ ಲೆಕ್ಕದಲ್ಲಿ ಫ್ಯಾನ್ ರಿಪೇರಿಯಿಂದ ಹಿಡಿದು ರಾಕೆಟ್ಟಿನವರೆಗೆ ಎಲ್ಲವೂ ಇಂಜಿನಿಯರಿಂಗೇ ತಾನೆ :-) ಸರಿ, ಹುಡುಕೋಕೆ ಕೂತೆ. ಯಾವ ಟೈರ್ ಮೆತ್ತಗೆ, ಯಾವುದು ಸದ್ದು ಮಾಡಲ್ಲ ಅಂತ ಶುರುವಾದ ಹುಡುಕಾಟ ಎರಡು ವಾರದಲ್ಲಿ 1845ಕ್ಕೆ ಹೋಗಿ ನಿಂತಿತು. ಅಲ್ಲಿ ಸಿಕ್ಕಿದ ಸಂಗತಿಯನ್ನ ನಿಮಗೂ ಹೇಳಬೇಕು ಅನ್ನಿಸ್ತು.

ಸಂಗತಿ ಇಷ್ಟೇ. ಗಾಳಿ ತುಂಬಿದ ಟೈರು ಹುಟ್ಟಿದ್ದು ರೇಸಿಗಾಗಿ ಅಲ್ಲ. ಮೈ ಕುಲುಕದೆ ಇರಲಿ, ಗದ್ದಲ ಕಡಿಮೆಯಾಗಲಿ ಅನ್ನೋದೇ ಅದರ ಹುಟ್ಟಿನ ಉದ್ದೇಶಗಳಾಗಿದ್ದವು.

ಕುದುರೆಗಾಡಿಗಳ ಕಾಲದ ಲಂಡನ್ನನ್ನ ಸ್ವಲ್ಪ ಊಹಿಸಿಕೊಳ್ಳಿ. ಕಲ್ಲು ಹಾಸಿದ ಬೀದಿ, ಮರದ ಚಕ್ರ, ಅದಕ್ಕೆ ಕಬ್ಬಿಣದ ಪಟ್ಟಿ. ಆ ಸದ್ದು ಎಷ್ಟಿತ್ತೆಂದರೆ, ಉಳ್ಳವರ ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಮನೆ ಮುಂದಿನ ಬೀದಿಗೆ ಹುಲ್ಲು ಹರಡಿಸುತ್ತಿದ್ದರು. ಗಾಡಿಗಳು ಹುಲ್ಲಿನ ಮೇಲೆ ಹಾದು ಹೋದರೆ ರೋಗಿಗೆ ನಿದ್ದೆಯಾದರೂ ಬರಲಿ ಅಂತ.

ಇಂಥ ಕಾಲದಲ್ಲಿ, 1845ರ ಡಿಸೆಂಬರಿನಲ್ಲಿ, ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಸ್ಕಾಟ್ಲೆಂಡಿನ ಇಂಜಿನಿಯರ್ ಒಂದು ಪೇಟೆಂಟ್ ಪಡೆದ. ಆಗ ಅವನಿಗೆ 23 ವರ್ಷ. (ಆ ವಯಸ್ಸಲ್ಲಿ ನಾನು ಬೇರೆಯವರ ಕೋಡಿನಲ್ಲಿ ಬಗ್ ಹುಡುಕ್ತಾ ಇದ್ದೆ.) ರಬ್ಬರ್ ಬಳಿದ ಬಟ್ಟೆಯ ಕೊಳವೆಗೆ ಗಾಳಿ ತುಂಬಿ, ಅದರ ಮೇಲೆ ಚರ್ಮ ಹೊದಿಸಿ ಚಕ್ರಕ್ಕೆ ಸುತ್ತೋದು ಅವನ ಉಪಾಯ. ಗಾಡಿ ಎಳೆಯಲು ಬೇಕಾದ ಬಲ ಕಡಿಮೆಯಾಗಬೇಕು, ಚಲನೆ ಹಗುರಾಗಬೇಕು, ಸದ್ದು ತಗ್ಗಬೇಕು. ಪೇಟೆಂಟಿನಲ್ಲಿ ಅವನು ಹೇಳಿಕೊಂಡ ಗುರಿಗಳು ಇವೇ. 1847ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಪ್ರಯೋಗ ನಡೆಯಿತು, ಗಾಡಿ ಸದ್ದಿಲ್ಲದೆ ಓಡಿತು. ಆದರೆ ಅದಕ್ಕೆ ಬೇಕಾದ ತೆಳು ರಬ್ಬರ್ ದುಬಾರಿ, ಸಿಗೋದೂ ಕಷ್ಟ. ಜನ ಮರೆತರು. ಥಾಮ್ಸನ್ನೇ ಕೊನೆಗೆ ಗಾಳಿ ಬಿಟ್ಟು ಗಟ್ಟಿ ರಬ್ಬರಿನ ಟೈರಿರುವ ಉಗಿ ಎಂಜಿನ್ನುಗಳ ಕಡೆ ಹೊರಳಿದ. ಆ ಎಂಜಿನ್ನುಗಳು 1870ರ ದಶಕದಲ್ಲಿ ನಮ್ಮ ಪಂಜಾಬಿನ ರಸ್ತೆಗೂ ಬಂದಿದ್ದವು.

ಮುಂದಿನ ಕತೆ ನಿಮಗೆ ಗೊತ್ತಿರಬಹುದು. 1888ರಲ್ಲಿ ಬೆಲ್‌ಫಾಸ್ಟಿನಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಎಂಬ ದನದ ಡಾಕ್ಟರು ತನ್ನ ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿ ಟೈರು ಕಟ್ಟಿದ. ಹುಡುಗ ಕಲ್ಲಿನ ಬೀದಿಯಲ್ಲಿ ಗಟ್ಟಿ ರಬ್ಬರಿನ ಟೈರಿನ ಮೇಲೆ ಕುಲುಕಾಡುತ್ತಾ ಹೋಗುತ್ತಿದ್ದದ್ದೇ ಕಾರಣ. ಅಂದರೆ ಎರಡನೇ ಸಲವೂ ಟೈರು ಹುಟ್ಟಿದ್ದು ಮನೆಯವರ ಮೈನೋವಿಗೇ! ಥಾಮ್ಸನ್ ಮೊದಲೇ ಇದನ್ನ ಮಾಡಿದ್ದ ಅನ್ನೋದು ಡನ್‌ಲಪ್‌ಗೆ ಗೊತ್ತಿರಲಿಲ್ಲ. ಎರಡು ವರ್ಷದಲ್ಲಿ ಅದು ಹೊರಬಿದ್ದು ಅವನ ಪೇಟೆಂಟ್ ರದ್ದಾಯಿತು.

ಅಷ್ಟರಲ್ಲಿ ಇನ್ನೊಂದು ಘಟನೆ ನಡೆದುಹೋಗಿತ್ತು. 1889ರ ಮೇ ತಿಂಗಳಲ್ಲಿ ವಿಲ್ಲಿ ಹ್ಯೂಮ್ ಎಂಬ ಸವಾರ ಬೆಲ್‌ಫಾಸ್ಟಿನಲ್ಲಿ ಗಾಳಿ ಟೈರಿನ ಸೈಕಲ್ ಏರಿ ರೇಸುಗಳನ್ನು ಗೆದ್ದ. ಕುಲುಕಾಟ ಕಡಿಮೆಯಾದರೆ ಶಕ್ತಿಯೂ ಉಳಿಯುತ್ತೆ, ವೇಗ ತಾನಾಗಿ ಬರುತ್ತೆ. ಆರಾಮಕ್ಕೆ ಮಾಡಿದ ವಸ್ತು ವೇಗದ ವಸ್ತುವಾಯಿತು. ನನ್ನ ಲೆಕ್ಕದಲ್ಲಿ ಅಣ್ಣನ ಕಾರಿನ ತೊಂದರೆ ಶುರುವಾಗಿದ್ದು ಅವತ್ತೇ :-)

1895ರಲ್ಲಿ ಮಿಶೆಲಿನ್ ಸಹೋದರರು ಪ್ಯಾರಿಸ್-ಬೋರ್ಡೋ-ಪ್ಯಾರಿಸ್ ಓಟಕ್ಕೆ ಗಾಳಿ ಟೈರಿನ ಕಾರನ್ನು ಇಳಿಸಿದರು. ದಾರಿಯುದ್ದಕ್ಕೂ ಪಂಕ್ಚರ್ ಹಾಕುತ್ತಲೇ ಹೋದರು, ಗೆಲ್ಲಲಿಲ್ಲ, ಆದರೆ ಗಾಳಿಯ ಮೇಲೆ ಕಾರು ಓಡುತ್ತೆ ಅಂತ ತೋರಿಸಿದರು. ಆ ಕಾಲದ ಕಾರಿನ ಟೈರುಗಳು ಸಣಕಲು. ಭಾರ ಹೊರಲು 60 ಪಿಎಸ್‌ಐ ಆಸುಪಾಸು ಗಾಳಿ ತುಂಬಬೇಕಿತ್ತು. ಅಷ್ಟು ಗಾಳಿ ಇದ್ದರೆ ಅದೂ ಕಲ್ಲೇ. 1923ರಲ್ಲಿ ಅಮೆರಿಕದಲ್ಲಿ ಫೈರ್‌ಸ್ಟೋನ್ ಬಲೂನ್ ಟೈರ್ ತಂದಿತು, ಅದೇ ವರ್ಷ ಫ್ರಾನ್ಸಿನಲ್ಲಿ ಮಿಶೆಲಿನ್ ಕಡಿಮೆ ಒತ್ತಡದ ಟೈರ್ ತಂದಿತು. ಮಿಶೆಲಿನ್ ತನ್ನ ಟೈರಿಗೆ ಇಟ್ಟ ಹೆಸರೇ 'ಕಂಫರ್ಟ್'. ಟೈರು ದಪ್ಪಗಾಯಿತು, ಒತ್ತಡ ಸುಮಾರು ಅರ್ಧಕ್ಕಿಳಿಯಿತು. ಇವತ್ತು ನಾವು ಬಂಕಿನಲ್ಲಿ 30-35 ಅಂತ ಹೇಳಿ ತುಂಬಿಸೋ ಗಾಳಿಯ ಮೂಲ ಇಲ್ಲಿದೆ.

ಆಮೇಲೆ ಬಂದದ್ದು ರೇಡಿಯಲ್. ಮಿಶೆಲಿನ್ ಕಂಪನಿಯ ಮಾರಿಯಸ್ ಮಿನ್ಯೋಲ್ ಎಂಬಾತನ ಕೆಲಸ ಅದು. 1946ರಲ್ಲಿ ಪೇಟೆಂಟ್, 1949ರಲ್ಲಿ ಮಾರುಕಟ್ಟೆಗೆ. ಅದಕ್ಕೂ ಮುಂಚಿನ ಟೈರುಗಳಲ್ಲಿ ನೂಲಿನ ಪದರಗಳು ಒಂದರ ಮೇಲೊಂದು ಓರೆಯಾಗಿ ಕೂತಿರುತ್ತಿದ್ದವು, ಓಡುವಾಗ ಒಂದನ್ನೊಂದು ತಿಕ್ಕಿ ಬಿಸಿಯಾಗುತ್ತಿದ್ದವು. ರೇಡಿಯಲ್ಲಿನಲ್ಲಿ ನೂಲು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹೋಗುತ್ತೆ, ನೆಲ ಮುಟ್ಟುವ ಭಾಗದ ಕೆಳಗೆ ಮಾತ್ರ ಉಕ್ಕಿನ ಪಟ್ಟಿ. ಪಕ್ಕದ ಗೋಡೆ ಮೆತ್ತಗೆ, ತಲೆ ಗಟ್ಟಿ. ಹಿಡಿತ ಹೆಚ್ಚು, ಬಾಳಿಕೆ ಹೆಚ್ಚು.

ಒಂದು ತೊಡಕು ಇತ್ತು. ಆ ಉಕ್ಕಿನ ಪಟ್ಟಿಯಿಂದಾಗಿ ನಿಧಾನವಾಗಿ ಹೋಗುವಾಗ ಸಣ್ಣ ಸಣ್ಣ ಏಟುಗಳು ಚುರುಕಾಗಿ ಒಳಗೆ ಬರುತ್ತಿದ್ದವು. ಹಾಗಾಗಿ ಕಾರನ್ನೇ ಟೈರಿಗೆ ಹೊಂದಿಸಬೇಕಾಯಿತು. ಸಸ್ಪೆನ್ಷನ್ನಿನ ರಬ್ಬರ್ ಬುಷ್‌ಗಳು ಮುಂದೆ-ಹಿಂದೆ ಸ್ವಲ್ಪ ಮಣಿಯುವ ಹಾಗೆ ಮಾಡಬೇಕಾಯಿತು. ಆಗ ಸಿಟ್ರೋಯೆನ್ ಕಾರು ಕಂಪನಿಯೂ ಮಿಶೆಲಿನ್ ಕೈಯಲ್ಲಿತ್ತು, ಕಾರು-ಟೈರು ಒಟ್ಟಿಗೆ ಬೆಳೆದವು. 1955ರ ಸಿಟ್ರೋಯೆನ್ ಡಿಎಸ್ ರೇಡಿಯಲ್ ಮೇಲೇ ಬಂತು, ಅದರ ಮೆತ್ತನೆ ಓಟ ಇವತ್ತಿಗೂ ಹೆಸರುವಾಸಿ. ತೇಲುವ ಹಾಗೆ ಓಡುವ ಕಾರುಗಳನ್ನೇ ಇಷ್ಟಪಡುತ್ತಿದ್ದ ಅಮೆರಿಕ ಮಾತ್ರ ತಡಮಾಡಿತು. ಅಲ್ಲಿ ರೇಡಿಯಲ್ಲನ್ನು ಸ್ಟಾಂಡರ್ಡ್ ಆಗಿ ಹಾಕಿಕೊಂಡು ಬಂದ ಮೊದಲ ಕಾರು 1970ರ ಲಿಂಕನ್ ಕಾಂಟಿನೆಂಟಲ್ ಮಾರ್ಕ್ 3.

ಇನ್ನು ನಮ್ಮ ಸೆಡಾನಿನ ಕತೆ. 1970ರ ದಶಕದಲ್ಲಿ ಪಿರೆಲ್ಲಿ ಪಿ7ನಂಥ ಅಗಲವಾದ, ಗಿಡ್ಡ ಗೋಡೆಯ ಟೈರುಗಳು ಪೋರ್ಷೆಯಂಥ ಸ್ಪೋರ್ಟ್ಸ್ ಕಾರುಗಳಿಗೆ ಬಂದವು. ಅಲ್ಲಿಂದ ನಾಲ್ಕು ಬಾಗಿಲಿನ ಕಾರುಗಳಿಗೆ ಇಳಿದವು. 1985ರ ಮೊದಲ ಬಿಎಂಡಬ್ಲ್ಯೂ ಎಂ5ಗೆ ಇದ್ದದ್ದು 220/55 ಅಳತೆಯ ಮಿಶೆಲಿನ್ ಟೈರು. ಇದನ್ನ ಓದೋದು ಸುಲಭ: ಅಗಲ 220 ಮಿಮೀ, ಗೋಡೆಯ ಎತ್ತರ ಅದರ ಶೇಕಡ 55, ಅಂದರೆ 121 ಮಿಮೀ. 1998ರ ಎಂ5ಗೆ ಮುಂದಿನ ಟೈರು 245/40, 18 ಇಂಚು. ಗೋಡೆ 98 ಮಿಮೀ. ಹದಿಮೂರು ವರ್ಷದಲ್ಲಿ ಒಂದು ಬೆರಳಗಲಕ್ಕಿಂತ ಸ್ವಲ್ಪ ಹೆಚ್ಚು ಗಾಳಿ ಹೋಯಿತು ಅನ್ನಿ. ಎಂಜಿನ್ ಬೆಳೆಯಿತು, ದೊಡ್ಡ ಬ್ರೇಕ್ ಬೇಕಾಯಿತು, ಅದಕ್ಕೆ ಜಾಗ ಬೇಕಾಯಿತು, ಗೋಡೆ ಗಿಡ್ಡವಿದ್ದರೆ ತಿರುವಿನಲ್ಲಿ ಕಾರು ಹೇಳಿದ ಹಾಗೆ ಕೇಳುತ್ತೆ ಬೇರೆ. ಪ್ರತಿಯೊಂದಕ್ಕೂ ಕಾರಣ ಇತ್ತು. ಕಳೆದುಕೊಂಡದ್ದು ಮಾತ್ರ ಥಾಮ್ಸನ್ ತುಂಬಿದ ಗಾಳಿ.

2000ದ ದಶಕದಲ್ಲಿ ರನ್‌ಫ್ಲಾಟ್ ಬಂತು. ಗಾಳಿ ಪೂರ್ತಿ ಹೋದರೂ 80 ಕಿಮೀ ವೇಗದಲ್ಲಿ ಸುಮಾರು 80 ಕಿಮೀ ದೂರ ಹೋಗಬಹುದು. ರಾತ್ರಿ ಹೊತ್ತು ಒಬ್ಬರೇ ಹೋಗುವವರಿಗೆ ದೊಡ್ಡ ಧೈರ್ಯ, ಅಲ್ಲಗಳೆಯಲ್ಲ. ಆದರೆ ಗಾಳಿಯಿಲ್ಲದೆ ಕಾರನ್ನು ಹೊರಬೇಕಾದ ಗೋಡೆ ಗಾಳಿಯಿದ್ದಾಗ ಮೆತ್ತಗಿರೋದು ಹೇಗೆ? 2005ರ ಬಿಎಂಡಬ್ಲ್ಯೂ 3 ಸರಣಿ ಇಂಥ ಟೈರಿನೊಂದಿಗೆ ಬಂದಾಗ ಓಟ ಒರಟು ಅನ್ನೋ ಮಾತು ಜೋರಾಗೇ ಕೇಳಿಬಂತು. ಎಷ್ಟೋ ಜನ ಸಾಮಾನ್ಯ ಟೈರು ಹಾಕಿಸಿ ಡಿಕ್ಕಿಯಲ್ಲಿ ಪಂಕ್ಚರ್ ಕಿಟ್ ಇಟ್ಟುಕೊಂಡರು.

ಸದ್ದಿನದ್ದು ಇನ್ನೊಂದು ಕತೆ. ಟ್ರೆಡ್ಡಿನ ಬ್ಲಾಕುಗಳೆಲ್ಲ ಒಂದೇ ಅಳತೆಯಲ್ಲಿದ್ದರೆ ಅವು ರಸ್ತೆಗೆ ಬಡಿದು ಒಂದೇ ಸ್ವರದಲ್ಲಿ ಊಳಿಡುತ್ತವೆ. ಅದಕ್ಕೇ ಬ್ಲಾಕುಗಳನ್ನು ಬೇಕಂತಲೇ ಹೆಚ್ಚು ಕಡಿಮೆ ಅಳತೆಯಲ್ಲಿ ಮಾಡುತ್ತಾರೆ. ನಿಮ್ಮ ಟೈರನ್ನೇ ಹತ್ತಿರದಿಂದ ನೋಡಿ, ಕಾಣುತ್ತೆ. ಇನ್ನೊಂದು ಸದ್ದು ಟೈರಿನ ಒಳಗಿನ ಗಾಳಿಯದ್ದೇ. ಆ 245/40 ಟೈರಿನೊಳಗೆ ಗಾಳಿಯ ಉಂಗುರದ ಸುತ್ತಳತೆ ಸುಮಾರು 1.7 ಮೀಟರ್. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಭಾಗಿಸಿ: ಸುಮಾರು 200 ಹರ್ಟ್ಸ್. ಜಾಯಿಂಟ್ ಮೇಲೆ ಹಾದಾಗ ಖಾಲಿ ಕೊಡ ತಟ್ಟಿದ ಹಾಗೆ 'ಡೊಂಯ್' ಅನ್ನೋ ಸದ್ದು ಇದೇ. ಈಗ ಕೆಲವು ಟೈರುಗಳ ಒಳಮೈಗೆ ಸ್ಪಾಂಜಿನಂಥ ಫೋಮ್ ಅಂಟಿಸಿ ಅದನ್ನ ತಗ್ಗಿಸುತ್ತಾರೆ. ಎಲೆಕ್ಟ್ರಿಕ್ ಕಾರುಗಳಲ್ಲಿ ಎಂಜಿನ್ ಸದ್ದೇ ಇಲ್ಲದ ಕಾರಣ ಟೈರಿನ ಸದ್ದು ಎದ್ದು ಕೇಳುತ್ತೆ, ಹಾಗಾಗಿ ಫೋಮಿಗೆ ಬೇಡಿಕೆ. ಬೀದಿಗೆ ಹುಲ್ಲು ಹರಡುತ್ತಿದ್ದವರು ಈಗ ಟೈರಿನೊಳಗೇ ಹರಡಿದ್ದಾರೆ!

ಒಂದು ಎಚ್ಚರಿಕೆ. 2012ರಿಂದ ಯುರೋಪಿನಲ್ಲಿ ಟೈರಿನ ಲೇಬಲ್ ಮೇಲೆ ಡೆಸಿಬಲ್ ಹಾಕುತ್ತಾರೆ. ಅದನ್ನ ನೋಡಿ ನಾನೂ ಮೊದಲು ಮೋಸ ಹೋದೆ. ಅದು ರಸ್ತೆ ಬದಿಯಲ್ಲಿ ನಿಂತವರಿಗೆ ಕೇಳೋ ಸದ್ದು, ಒಳಗೆ ಕೂತ ಅಮ್ಮನಿಗೆ ಕೇಳೋದಲ್ಲ.

ಇಷ್ಟೆಲ್ಲ ಓದಿ ಅಣ್ಣನಿಗೆ ಹೇಳಿದ್ದು ಒಂದೇ ಮಾತು: "ಬ್ರ್ಯಾಂಡ್ ಆಮೇಲೆ ನೋಡೋಣ, ಮೊದಲು ಗಾಳಿಗೆ ಜಾಗ ಕೊಡು." ಅವನ 225/40 ಆರ್18 ಟೈರಿನ ಗೋಡೆ 90 ಮಿಮೀ. ಕಾರಿನ ಮೂಲ ಅಳತೆ 205/55 ಆರ್16, ಗೋಡೆ 113 ಮಿಮೀ. ಹೊರ ವ್ಯಾಸದಲ್ಲಿ ವ್ಯತ್ಯಾಸ ಶೇಕಡ ಒಂದಕ್ಕಿಂತ ಕಡಿಮೆ, ಸ್ಪೀಡೋಮೀಟರಿಗೂ ತೊಂದರೆಯಿಲ್ಲ. 16 ಇಂಚು ಅದರ ಬ್ರೇಕಿಗೆ ಹಿಡಿಸುತ್ತೆ ಅನ್ನೋದನ್ನ ನೋಡಿಕೊಂಡೆವು. ಲೋಡ್ ಇಂಡೆಕ್ಸ್, ವೇಗದ ಅಕ್ಷರ ಎರಡೂ ಕಾರಿನ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಕಡಿಮೆಯಾಗದ ಹಾಗೆ, ಸ್ಪೋರ್ಟ್ಸ್ ಬದಲು ಟೂರಿಂಗ್ ಜಾತಿಯ ಟೈರು ಆರಿಸಿದೆವು. ಗಾಳಿಯನ್ನೂ ಬಾಗಿಲ ಹತ್ತಿರದ ಸ್ಟಿಕರ್ ನೋಡಿಯೇ ತುಂಬಿಸಿದ್ದು.

ಅಣ್ಣ ಸುಲಭಕ್ಕೆ ಒಪ್ಪಲಿಲ್ಲ. "ಚಿಕ್ಕ ಚಕ್ರ ಹಾಕಿದ್ರೆ ಕಾರು ಅಜ್ಜಿ ಥರ ಕಾಣ್ಸುತ್ತೆ ಕಣೋ" ಅಂದ. ತಿರುವಿನಲ್ಲಿ ಮೊದಲಿನ ಚುರುಕು ಇಲ್ಲ ಅಂತ ಈಗಲೂ ಗೊಣಗುತ್ತಾನೆ. ನಿಜವೇ. ಅದು ಕೊಟ್ಟು ಇದು ತಗೊಂಡಿದ್ದು. 18 ಇಂಚಿನವು ಮಹಡಿ ಮೇಲಿವೆ, ಮಾರೋಕೆ ಮನಸ್ಸು ಬಂದಿಲ್ಲ.

ಯುಗಾದಿಗೆ ಮತ್ತೆ ಊರಿಗೆ ಹೊರಟೆವು. ರೈಲು ಟಿಕೆಟ್ ಮಾಡಿಸಿರಲಿಲ್ಲ. ತಿಪಟೂರು ದಾಟಿತು, ಅರಸೀಕೆರೆ ದಾಟಿತು, ಹಿಂದಿನ ಸೀಟಿಂದ ಮಾತೇ ಇಲ್ಲ. ನಮ್ಮಿಬ್ಬರಿಗೂ ಕನ್ನಡಿಯಲ್ಲಿ ನೋಡೋ ಧೈರ್ಯ ಇಲ್ಲ. ಕಡೂರು ಹತ್ತಿರ ಬಂದಾಗ ಅಮ್ಮ ಕೇಳಿದಳು, "ಯಾಕೋ ಇಷ್ಟು ನಿಧಾನ ಹೋಗ್ತಿದೀಯ? ಹೀಗಾದ್ರೆ ಊಟದ ಹೊತ್ತಿಗೆ ಮನೆ ಸೇರಲ್ಲ."

ಸ್ಪೀಡೋಮೀಟರ್ ನೋಡಿದೆ. ಕಳೆದ ಸಲ ಎಷ್ಟಿತ್ತೋ ಅಷ್ಟೇ ಇತ್ತು.

ನಿಮ್ಮ ಮನೆಯ ಕಾರಿನಲ್ಲಿ ಹಿಂದಿನ ಸೀಟಿನವರು ಏನಂತಾರೆ? ಕೇಳಿ ನೋಡಿ, ನನಗೂ ಹೇಳಿ.