ನಕಲು ಬೇರೆ, ಪರಿವರ್ತನೆ ಬೇರೆ

ರಾಯಚೂರು ತಾಲ್ಲೂಕಿನ ಯಾಪಲದಿನ್ನಿಯ ಹೆಸರನ್ನು ಬಿಡಿಸಿ ನೋಡಿರಿ. ತೆಲುಗಿನ ಆಡುಮಾತಿನಲ್ಲಿ ಯಾಪ ಎಂದರೆ ಬೇವು. ದಿನ್ನಿ ಎಂದರೆ ದಿಬ್ಬ. ಎರಡು ನುಡಿಗಳು ಕೂಡುವ ಸೀಮೆಗೆ ತಕ್ಕ ಹೆಸರು. ಈಗ ಇದನ್ನು ಉರ್ದು ಲಿಪಿಯಲ್ಲಿ ಬರೆಯೋಣ. ನಿಜಾಮರ ಆಳ್ವಿಕೆಯಲ್ಲಿ ಈ ಭಾಗದ ಸರಕಾರಿ ಕಚೇರಿಗಳ ಭಾಷೆ ಉರ್ದುವೇ ಆಗಿದ್ದಿತಷ್ಟೆ. ಆ ಲಿಪಿಯಲ್ಲಿ ಹ್ರಸ್ವಸ್ವರಗಳನ್ನೂ ವ್ಯಂಜನದ ದ್ವಿತ್ವವನ್ನೂ ಸಾಮಾನ್ಯವಾಗಿ ಗುರುತಿಸುವುದಿಲ್ಲ. ಓದುವವನು ತನ್ನ ತಿಳಿವಿನಿಂದ ತುಂಬಿಕೊಳ್ಳಬೇಕು. ಊರನ್ನು ಅರಿಯದವನ ಕಣ್ಣಿಗೆ ‘ದಿನ್ನಿ’ ಎಂಬುದು ದನಿಯೂ ಆದೀತು, ದುನಿಯೂ ಆದೀತು.

ಇಲ್ಲಿ ಎರಡು ಕೆಲಸಗಳನ್ನು ಬೇರ್ಪಡಿಸಿ ನೋಡಬೇಕು. ಉರ್ದು ಕಾಗದದಿಂದ ಇನ್ನೊಂದು ಉರ್ದು ಕಾಗದಕ್ಕೆ ನಕಲು ಇಳಿಸುವವನಿಗೆ ಯಾಪಲದಿನ್ನಿ ಎಲ್ಲಿದೆಯೆಂದು ಗೊತ್ತಿರಬೇಕಾದುದಿಲ್ಲ. ಕಂಡ ರೇಖೆಯನ್ನು ಕಂಡಂತೆ ಎಳೆದರೆ ಸಾಕು. ೧೯೫೬ರ ನವೆಂಬರ್ ೧ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿ, ಕನ್ನಡದ ಕಾಗದಪತ್ರಗಳು ಬೇಕಾದಾಗ ಮಾತ್ರ ಊರು ಬಲ್ಲವನೇ ಬೇಕು.

ಈ ಎರಡು ಕೆಲಸಗಳನ್ನೂ ಒಂದೇ ಹೆಗಲ ಮೇಲೆ ಹೊತ್ತ ಪುಟ್ಟ ಗಣಕಸಾಧನವೊಂದುಂಟು. ಹೆಸರು ‘ಡಿಡಿ’. ಹೆಸರು ಕೇಳಿ ವಾಚಕರು ದೂರದರ್ಶನವನ್ನು ನೆನೆಯಬಾರದು. ಇದು ಆಕಾಶವಾಣಿಯ ಆ ದಾಯಾದಿಯಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಯೂನಿಕ್ಸ್ ಎಂಬ ಕಾರ್ಯವ್ಯವಸ್ಥೆಯ ಐದನೆಯ ಆವೃತ್ತಿಯಲ್ಲಿ, ೧೯೭೪ರಲ್ಲಿ, ಇದು ಕಾಣಿಸಿಕೊಂಡಿತು. ಐಬಿಎಂ ಕಂಪನಿಯ ದೊಡ್ಡ ಯಂತ್ರಗಳ ಆಜ್ಞಾಭಾಷೆಯಲ್ಲಿ ‘ದತ್ತಾಂಶದ ನಿರೂಪಣೆ’ ಎಂಬರ್ಥದ ಡಿಡಿ ಎಂಬ ವಾಕ್ಯವಿದ್ದಿತು. ಹೆಸರೂ ಧಾಟಿಯೂ ಅಲ್ಲಿಂದಲೇ ಬಂದವು. ಯೂನಿಕ್ಸಿನ ಉಳಿದ ಆಜ್ಞೆಗಳು ಸೂತ್ರಪ್ರಾಯವಾದವು. ಡಿಡಿಯ ಆಜ್ಞೆಯೋ ಕಚೇರಿಯ ಅರ್ಜಿಯಂತೆ: ಒಳಬರುವ ಕಡತ ಇಂಥದು, ಹೊರಹೋಗುವ ಕಡತ ಇಂಥದು, ಪರಿವರ್ತನೆ ಇಂಥದು. ಮೊದಲನೆಯದಕ್ಕೆ ‘ಐಎಫ್’, ಎರಡನೆಯದಕ್ಕೆ ‘ಓಎಫ್’ ಎಂದು ಗುರುತು. ಈ ಎರಡು ಅದಲುಬದಲಾದರೆ ಬರಿದಾದದ್ದೇ ತುಂಬಿದ್ದರ ಮೇಲೆ ನಕಲಾಗಿ ಮೂಲವೇ ಅಳಿದುಹೋಗುತ್ತದೆ. ಯಂತ್ರವು ‘ನಿಜವೇ?’ ಎಂದು ಮರಳಿ ಕೇಳುವುದೂ ಇಲ್ಲ.

ಪರಿವರ್ತನೆ ಏಕೆ ಬೇಕಾಯಿತು? ಗಣಕಕ್ಕೆ ಅಕ್ಷರವೆಂಬುದಿಲ್ಲ, ಅಂಕೆಯೇ ಎಲ್ಲ. ೧೯೬೩ರಲ್ಲಿ ಅಮೆರಿಕದಲ್ಲಿ ಗೊತ್ತುಪಡಿಸಿದ ಆಸ್ಕಿ ಎಂಬ ಸಂಕೇತಮಾಲೆಯಲ್ಲಿ ಇಂಗ್ಲಿಷಿನ ದೊಡ್ಡ ‘ಎ’ ಅಕ್ಷರಕ್ಕೆ ೬೫. ಐಬಿಎಂನವರ ಎಬ್ಸಿಡಿಕ್ ಎಂಬ ಮಾಲೆಯಲ್ಲಿ ಅದೇ ಅಕ್ಷರಕ್ಕೆ ೧೯೩. ಒಂದು ಯಂತ್ರದ ಟೇಪನ್ನು ಇನ್ನೊಂದಕ್ಕೆ ಹಾಕಿದರೆ ಬರುವುದು ಬರಿಯ ಗೊಂದಲ. ಡಿಡಿಯ ಹೊಟ್ಟೆಯಲ್ಲಿ ೨೫೬ ಮನೆಗಳ ಕೋಷ್ಟಕವಿತ್ತು: ೧೯೩ ಬಂದಲ್ಲಿ ೬೫ ಇಡು. ಅದರಲ್ಲಿಯೂ ತೊಡಕು. ಎಬ್ಸಿಡಿಕ್‌ನಲ್ಲಿದ್ದ ಸೆಂಟ್ ನಾಣ್ಯದ ಗುರುತಿಗೆ ಆಸ್ಕಿಯಲ್ಲಿ ಸ್ಥಳವೇ ಇಲ್ಲ. ಆಸ್ಕಿಯಿಂದ ಎಬ್ಸಿಡಿಕ್‌ಗೆ ಹೋಗಲು ಡಿಡಿ ಕೊಂಚ ಕೊಂಚ ಬೇರೆಯಾದ ಎರಡು ಕೋಷ್ಟಕಗಳನ್ನು ಇಟ್ಟುಕೊಂಡಿತು. ಒಂದೇ ಬೀದಿಯಲ್ಲಿ ಎರಡು ಪಂಚಾಂಗಗಳಿದ್ದಂತೆ.

ಆದರೂ ಇಂಗ್ಲಿಷಿನವರ ಕಷ್ಟ ಕಷ್ಟವೇ ಅಲ್ಲವೆನ್ನಬೇಕು. ಒಂದಕ್ಕೆ ಒಂದು ಎಂಬ ನೇರ ವ್ಯವಹಾರ ಅದು. ಕನ್ನಡದ ಪಾಡು ಬೇರೆ. ಭಾರತದ ಲಿಪಿಗಳಿಗೆ ಇಸ್ಕಿ ಎಂಬ ರಾಷ್ಟ್ರೀಯ ಮಾನಕವೂ, ಲೋಕದ ಲಿಪಿಗಳಿಗೆಲ್ಲ ಯೂನಿಕೋಡ್‌ನ ಮೊದಲ ಆವೃತ್ತಿಯೂ ೧೯೯೧ರಲ್ಲಿಯೇ ಬಂದಿದ್ದರೂ, ನಮ್ಮ ಕಚೇರಿ, ಮುದ್ರಣಾಲಯ, ಶಾಲೆಗಳಲ್ಲಿ ಬಹುಕಾಲ ನಡೆದದ್ದು ‘ನುಡಿ’ ‘ಬರಹ’ಗಳ ಹಳೆಯ ಅಕ್ಷರವಿನ್ಯಾಸಗಳು. ಅವುಗಳಲ್ಲಿ ಕಡತಕ್ಕೆ ಇಳಿಯುತ್ತಿದ್ದುದು ಅಕ್ಷರವಲ್ಲ, ಅಕ್ಷರದ ತುಂಡು. ‘ಕ’ ಎಂದರೆ ಒಡಲು ಒಂದು, ತಲೆಕಟ್ಟು ಒಂದು. ‘ಮ’ ಎಂಬುದಂತೂ ವಕಾರದ ಒಡಲು, ತಲೆಕಟ್ಟು, ಪಕ್ಕದ ಕೊಂಬು, ಹೀಗೆ ಮೂರು ತುಂಡು. ಆ ಕೊಂಬಿನ ಬದಲು ಬೇರೆ ಕೊಂಬಿದ್ದರೆ ಅದೇ ‘ವು’. ‘ಧರ್ಮ’ ಎಂದು ಬರೆದರೆ ಅರ್ಕಾವೊತ್ತು ಕಣ್ಣಿಗೆ ಕಾಣುವಂತೆಯೇ ಮಕಾರದ ಹಿಂದೆ ಬರುತ್ತದೆ. ಯೂನಿಕೋಡಿನಲ್ಲಿಯಾದರೋ ಉಚ್ಚಾರದ ಕ್ರಮದಂತೆ ರಕಾರವು ಮುಂದಾಗಿ ನಿಲ್ಲಬೇಕು.

ಇಂಥ ಕಡತವನ್ನು ಡಿಡಿಗೆ ಕೊಟ್ಟರೆ ಒಂದು ಚುಕ್ಕೆಯೂ ಕೆಡದ ನಕಲು ಸಿಗುತ್ತದೆ. ಆ ಅಕ್ಷರವಿನ್ಯಾಸವಿಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ರೋಮನ್ ಅಕ್ಷರಗಳ ಕಲಸುಮೇಲೋಗರ. ಹತ್ತಿಪ್ಪತ್ತು ವರ್ಷಗಳ ಪ್ರಶ್ನಪತ್ರಿಕೆ, ಸಂಘದ ನಡವಳಿ, ಅಚ್ಚಾಗದ ಹಸ್ತಪ್ರತಿ, ಎಲ್ಲವೂ ಇದ್ದೂ ಇಲ್ಲದಂತೆ. ಇದಕ್ಕೆ ಬೇಕಾದ ಪರಿವರ್ತಕಗಳು ಬಂದಿವೆ, ಚೆನ್ನಾಗಿಯೂ ನಡೆಯುತ್ತವೆ. ಆದರೆ ತುಂಡು ಕೂಡಿಸುವ ನಿಯಮಗಳನ್ನು ಬರೆದುಕೊಟ್ಟವರು ಕಾಗುಣಿತ ಬಲ್ಲವರೇ ಹೊರತು ಯಂತ್ರವಲ್ಲ. ಪರಿವರ್ತನೆಗೆ ಮೊದಲು ಮೂಲದ ಶುದ್ಧ ನಕಲೊಂದನ್ನು ಎತ್ತಿಡುವುದು ಬಲ್ಲವರ ಪದ್ಧತಿ. ನಿಯಮದಲ್ಲಿ ಒಂದು ಅಕ್ಷರ ಬಿಟ್ಟುಹೋಗಿದ್ದುದು ತಿಳಿಯುವುದು ಎಷ್ಟೋ ದಿನಗಳ ಮೇಲೆ.

ಹಾಗೆ ಬಿಟ್ಟುಹೋಗಬಲ್ಲ ಅಕ್ಷರಗಳಲ್ಲಿ ಹಳಗನ್ನಡದ ‘ೞ’ ಮುಖ್ಯವಾದುದು. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಇದನ್ನು ಬಿಡದೆ ವಿಚಾರಿಸಿದ್ದಾನೆ. ‘ಬಾೞ್’ ಎಂದರೆ ಬದುಕು. ‘ಬಾಳ್’ ಎಂದರೆ ಕತ್ತಿ. ಕೋಷ್ಟಕ ಮಾಡಿದವನು ಎರಡನ್ನೂ ಳಕಾರವೆಂದು ಬಗೆದರೆ ಬದುಕೂ ಕತ್ತಿಯೂ ಒಂದಾಗಿ, ಮತ್ತೆ ಬೇರ್ಪಡಿಸುವ ದಾರಿಯೇ ಉಳಿಯದು. ಯೂನಿಕೋಡಿನಲ್ಲಿ ಈ ಅಕ್ಷರಕ್ಕೆ ಸ್ಥಾನವೇನೋ ಸಿಕ್ಕಿತು. ಆದರೆ ಅದಕ್ಕೆ ‘ಕನ್ನಡದ ಫ ಅಕ್ಷರ’ ಎಂಬ ತಪ್ಪು ಹೆಸರು ಬಿದ್ದಿತು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿಯ ಕಟ್ಟಳೆ. ಆದುದರಿಂದ ಸರಿಯಾದ ಹೆಸರನ್ನು ಪಕ್ಕದಲ್ಲಿ ಉಪನಾಮವಾಗಿ ಬರೆದು ಸುಮ್ಮನಾಗಿದ್ದಾರೆ. ನಮ್ಮಂಥ ಪಂಡಿತರಿಗೆ ಇದು ಹಲ್ಲಿನಲ್ಲಿ ಸಿಕ್ಕ ನಾರು.

ಮತ್ತೆ ಯಾಪಲದಿನ್ನಿಯ ಗಡಿಗೆ ಬಂದರೆ, ಯೂನಿಕೋಡಿನಲ್ಲಿ ಕನ್ನಡವೂ ತೆಲುಗೂ ನೆರೆಮನೆಗಳು. ನಮ್ಮ ಕಕಾರ ೩೨೨೧ನೆಯದು, ತೆಲುಗಿನದು ೩೦೯೩ನೆಯದು. ನಡುವಣ ಅಂತರ ೧೨೮. ಬಹುಪಾಲು ಅಕ್ಷರಗಳಿಗೆ ಇದೇ ಅಂತರ. ಯಾಪಲದಿನ್ನಿ ಎಂಬ ಹೆಸರಿನ ಪ್ರತಿಯೊಂದು ಅಂಕೆಯಿಂದಲೂ ೧೨೮ ಕಳೆದರೆ ಗಡಿಯಾಚೆಯವರು ಓದುವ ತೆಲುಗು ಫಲಕ ಸಿದ್ಧ. ಉರ್ದುವಿನಲ್ಲಿ ನುಣುಚಿಕೊಂಡ ಇಕಾರವೂ ದ್ವಿತ್ವವೂ ಇಲ್ಲಿ ಭದ್ರವಾಗಿರುತ್ತವೆ. ೞಕಾರ ಮಾತ್ರ ಈ ಲೆಕ್ಕಕ್ಕೆ ಸಿಕ್ಕದು. ನಮ್ಮಲ್ಲಿ ಅದು ೩೨೯೪. ೧೨೮ ಕಳೆದರೆ ತೆಲುಗಿನ ಸಾಲಿನಲ್ಲಿ ೩೧೬೬ ಎಂಬ ಮನೆ, ಅದು ಇನ್ನೂ ಖಾಲಿ. ತೆಲುಗಿನವರ ೞಕಾರ ಕುಳಿತಿರುವುದು ೩೧೨೪ರಲ್ಲಿ.