ಗರ ಬೀಳುವ ಮುನ್ನ

ಓರೆಯಾಗಿ ಬಿದ್ದ ಕವಡೆ ಲೆಕ್ಕಕ್ಕೆ ಉಂಟೋ, ಇಲ್ಲವೋ? ದೊಡ್ಡಬಳ್ಳಾಪುರ, ಹೊಸಕೋಟೆ ಸೀಮೆಯ ಜಗಲಿಗಳಲ್ಲಿ ಚೌಕಾಬಾರ ಆಡಿದವರಿಗೆ ಈ ಜಗಳ ಗೊತ್ತು. ನಾಲ್ಕು ಕವಡೆಯೂ ಅಂಗಾತ ಬಿದ್ದರೆ ಚೌಕ, ಅಂದರೆ 4. ನಾಲ್ಕೂ ಬೋರಲಾದರೆ ಬಾರ, ಅಂದರೆ 8. ಒಂದು ಕವಡೆ ಇನ್ನೊಂದಕ್ಕೆ ಒರಗಿ ನಿಂತಿತೋ, ಆಟ ನಿಂತು ಮಾತು ಬೆಳೆಯುತ್ತದೆ. ಜೋಡಿ ಕಾಯಿಗಳ ಗಟ್ಟಿಯನ್ನು ಒಂಟಿ ಕಾಯಿ ಕಡಿಯಬಹುದೇ, ಒಂದೂ ಕಾಯಿ ಕಡಿಯದೆ ಒಳಸುತ್ತಿಗೆ ಹೋಗಬಹುದೇ ಎಂಬುದಕ್ಕೂ ಮನೆಗೊಂದು ಪದ್ಧತಿ. ಅಲ್ಲಿ ಅಜ್ಜಿಯ ನೆನಪೇ ಕಾನೂನು. ಆಡುವವರೆಲ್ಲ ಒಂದೇ ಮನೆಯವರಾದರೆ ಅಷ್ಟು ಸಾಕು. ಎರಡು ಊರಿನವರು ಎದುರುಬದುರು ಕೂತಾಗ ಸಾಲದು.

ಸಾಲದೆಂಬುದನ್ನು ಮಹಾಭಾರತದ ಸಭಾಪರ್ವ ಎಂದೋ ತೋರಿಸಿದೆ. ಪಣ ದುರ್ಯೋಧನನದು, ದಾಳ ಉರುಳಿಸಿದವನು ಶಕುನಿ. ಒಬ್ಬನ ಪರವಾಗಿ ಇನ್ನೊಬ್ಬ ಆಡುವುದು ಸರಿಯಲ್ಲವೆಂದು ಧರ್ಮರಾಯ ಹೇಳಿದ. ಆ ಮಾತು ಇತ್ಯರ್ಥವಾಗದೆಯೇ ಆಟಕ್ಕೂ ಕೂತ. ತನ್ನನ್ನೇ ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕೆಲ್ಲಿತ್ತು ಎಂದು ದ್ರೌಪದಿ ಕೇಳಿದಾಗ, ಧರ್ಮ ಬಲು ಸೂಕ್ಷ್ಮವೆಂದು ಭೀಷ್ಮರು ನುಣುಚಿಕೊಂಡರು. ಕೌರವರ ಪೈಕಿ ಅವಳ ಪರ ನ್ಯಾಯ ಹೇಳಿದವನು ವಿಕರ್ಣ. ಆದರೆ ಅವನ ಮಾತು ನಡೆಯಲಿಲ್ಲ.

19ನೇ ಶತಮಾನದ ಮೈಸೂರಿನಲ್ಲಿ ಆಟ ಬರಹಕ್ಕಿಳಿಯಿತು. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಹೊಸ ಹಾಸುಗಳನ್ನು ರೂಪಿಸಿದರು. ಅವರ ಶ್ರೀತತ್ತ್ವನಿಧಿ ಗ್ರಂಥದ ಒಂಬತ್ತನೆಯ ಭಾಗವಾದ ಕೌತುಕನಿಧಿ ಆಟಗಳಿಗೇ ಮೀಸಲು. ಬರೆದಿಟ್ಟ ಆಟವನ್ನು ಅಪರಿಚಿತರೂ ಒಂದೇ ರೀತಿ ಆಡಬಹುದು.

ಪಗಡೆಯ ದೂರದ ನೆಂಟನಾದ ಬ್ಯಾಕ್‌ಗ್ಯಾಮನ್‌ಗೆ 1931ರಲ್ಲಿ ನ್ಯೂಯಾರ್ಕ್‌ನ ಕ್ಲಬ್ಬೊಂದು ನಿಯಮಾವಳಿ ರಚಿಸಿತು. ನಮ್ಮ ಒರಗಿದ ಕವಡೆಯ ಪ್ರಶ್ನೆಗೆ ಅಲ್ಲಿ ನೇರ ಉತ್ತರವಿದೆ: ದಾಳ ಓರೆಯಾದರೆ ಎರಡನ್ನೂ ಮತ್ತೆ ಎಸೆಯಬೇಕು. ತಪ್ಪು ನಡೆಯ ವಿಚಾರದಲ್ಲಿ ಆಟಗಾರರ ಮನಸ್ಸು ನಿಧಾನವಾಗಿ ಬದಲಾಯಿತು. ಎದುರಾಳಿ ಕಾಯಿ ತಪ್ಪಾಗಿ ನಡೆಸಿದರೆ, ತನಗೆ ಲಾಭವಿದ್ದಾಗ ಸುಮ್ಮನಿರುವುದು ಹಿಂದೆ ಒಪ್ಪಿತವಾಗಿತ್ತು. ಈಗ ಅಮೆರಿಕದ ಟೂರ್ನಿಗಳಲ್ಲಿ, ಕಂಡ ತಪ್ಪನ್ನು ತಿದ್ದುವುದು ಇಬ್ಬರ ಹೊಣೆಯೂ ಹೌದೆಂಬ ನಿಯಮ ಬೇರೂರಿದೆ. ನಿರ್ದೇಶಕರ ತೀರ್ಪು ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ಉಂಟು.

ಬರೆದ ಮಾತ್ರಕ್ಕೆ ಎಲ್ಲವೂ ಮುಗಿಯುವುದಿಲ್ಲ. 2023ರ ಅಕ್ಟೋಬರ್ 7ರಂದು ಹ್ಯಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಪುರುಷರ ಕಬಡ್ಡಿ ಫೈನಲ್‌ನಲ್ಲಿ ಭಾರತ, ಇರಾನ್ 28–28ರಲ್ಲಿದ್ದವು. ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ ಅಂಕಣದ ಅಂಚಿನ ಪಟ್ಟಿಯಾದ ಲಾಬಿಗೆ ಕಾಲಿಟ್ಟರು. ಹಿಡಿಯಲು ಬಂದ ಇರಾನಿಗಳೂ ಹಿಂದೆಯೇ ನುಗ್ಗಿದರು. ದಾಳಿಕಾರನೊಬ್ಬನೇ ಔಟೋ, ಹಿಂದೆ ಬಂದವರೂ ಔಟೋ? ಹಳೆಯ ನಿಯಮ, ಹೊಸ ನಿಯಮಗಳ ನಡುವೆ ತೀರ್ಪು ತೂಗಾಡಿ ಆಟ ಸುಮಾರು ಒಂದು ತಾಸು ನಿಂತಿತು. ಭಾರತ 33–29ರಿಂದ ಗೆದ್ದಿತು. ಗೊಂದಲದ ನೆನಪು ಗೆಲುವಿಗೂ ಅಂಟಿಕೊಂಡಿತು. ನಿಯಮ ಇಲ್ಲದ್ದರಿಂದಲ್ಲ, ಯಾವುದು ಜಾರಿಯಲ್ಲಿದೆ ಎಂಬ ಸ್ಪಷ್ಟತೆ ಇಲ್ಲದ್ದರಿಂದ ಬಂದ ಜಗಳವದು.

ದೇವನಹಳ್ಳಿ, ನೆಲಮಂಗಲದ ಹಳ್ಳಿಗಳಲ್ಲಿ ಪಂದ್ಯ ಏರ್ಪಡಿಸುವವರು, ಚೌಕಾಬಾರವಿರಲಿ ಕಬಡ್ಡಿಯಿರಲಿ, ಇವೆಲ್ಲದರಿಂದ ಮೂರು ಮಾತು ಕಲಿಯಬಹುದು. ನಿಯಮವನ್ನು ಎಲ್ಲರೆದುರು ಮೊದಲೇ ಓದಿ ಹೇಳಬೇಕು. ತೀರ್ಪುಗಾರ ಎರಡೂ ಊರಿಗೆ ಸೇರದವನಾಗಿರಬೇಕು. ತೀರ್ಪಿನ ಜೊತೆ ಕಾರಣವನ್ನೂ ಹೇಳಬೇಕು. ಕವಡೆ ಕೈಯಲ್ಲಿರುವ ತನಕ ಎಲ್ಲರೂ ನಿಷ್ಪಕ್ಷಪಾತಿಗಳೇ. ನಿಯಮ ಒಪ್ಪಿಕೊಳ್ಳಲು ಅದೇ ಸರಿಯಾದ ಹೊತ್ತು.